ರೋಮನ್ ಬೆಳ್ಳಿ ನಾಣ್ಯದ ಚಿತ್ರಗಳನ್ನು ಓದುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪುರಾತನ ರೋಮಿನ ಬೆಳ್ಳಿ ನಾಣ್ಯವಾದ ಡಿನೇರಿಯಸ್ ಮತ್ತು ಅದರ ಮೇಲಿನ ಚಿತ್ರಗಳನ್ನು ಕುರಿತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ರೋಮನ್ ಬೆಳ್ಳಿ ನಾಣ್ಯಗಳ ಚಿತ್ರಗಳನ್ನು ಪುಸ್ತಕದಲ್ಲಿ ನೋಡುವಾಗ ಬಹಳಷ್ಟು ನಾಣ್ಯಗಳ ಹಿಂಬದಿಯಲ್ಲಿ ನಿಂತಿರುವ ಅಥವಾ ಕುಳಿತಿರುವ ಸ್ತ್ರೀಯೊಬ್ಬಳು ಕಾಣುತ್ತಾಳೆ. ಈಕೆ ರಾಣಿಯೋ ದೇವಿಯೋ? ಎಲ್ಲ ನಾಣ್ಯಗಳಲ್ಲಿಯೂ ಇರುವವಳು ಒಬ್ಬಳೇ?
— ಇತಿಹಾಸ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಒಬ್ಬಳೇ ಅಲ್ಲ. ಬಾದಾಮಿಯ ಗುಹೆಗಳಲ್ಲಿಯೋ ಐಹೊಳೆಯ ಗುಡಿಗಳಲ್ಲಿಯೋ ಶಿಲ್ಪದ ಮುಂದೆ ನಿಂತಾಗ ನಾವು ಮುಖ ನೋಡಿ ದೇವರನ್ನು ಗುರುತಿಸುವುದಿಲ್ಲ. ಕೈಯಲ್ಲಿ ಶಂಖ ಚಕ್ರಗಳಿವೆಯೇ, ತ್ರಿಶೂಲವಿದೆಯೇ, ಕಾಲ ಬಳಿ ಯಾವ ವಾಹನವಿದೆ ಎಂದು ನೋಡುತ್ತೇವೆ. ರೋಮನ್ ನಾಣ್ಯದ ಸ್ತ್ರೀಯರನ್ನೂ ಹಾಗೆಯೇ ಗುರುತಿಸಬೇಕು. ತಕ್ಕಡಿ ಹಿಡಿದವಳು ನ್ಯಾಯವಾದ ಅಳತೆಯ ಮೂರ್ತಿಯಾದ ಏಕ್ವಿಟಾಸ್, ಇಲ್ಲವೆ ಟಂಕಸಾಲೆಯ ಅಧಿದೇವತೆಯಾದ ಮೊನೇಟಾ. ಹಡಗಿನ ಚುಕ್ಕಾಣಿಯನ್ನೂ ಹಣ್ಣುಹಂಪಲು ತುಂಬಿದ ಕೊಂಬನ್ನೂ ಹಿಡಿದವಳು ಅದೃಷ್ಟದೇವತೆಯಾದ ಫಾರ್ಚುನಾ. ಆಲಿವ್ ಮರದ ರೆಂಬೆ ಕೈಯಲ್ಲಿದ್ದರೆ ಶಾಂತಿಯಾದ ಪ್ಯಾಕ್ಸ್. ರೆಕ್ಕೆಗಳಿದ್ದು ಹಾರವನ್ನು ಚಾಚಿದ್ದರೆ ವಿಜಯಲಕ್ಷ್ಮಿಯಂತಹ ವಿಕ್ಟೋರಿಯಾ. ಸರ್ಪಕ್ಕೆ ಉಣಿಸುತ್ತಿದ್ದರೆ ಆರೋಗ್ಯದ ಸಾಲುಸ್. ಹಲವೊಮ್ಮೆ ಅಂಚಿನ ಸುತ್ತ ಅವಳ ಹೆಸರನ್ನೂ ಕೆತ್ತಿರುತ್ತಾರೆ. ಇವರಲ್ಲಿ ಕೆಲವರಿಗೆ ರೋಮಿನಲ್ಲಿ ನಿಜವಾದ ಗುಡಿಗಳಿದ್ದವು. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಅಲ್ಲಿಯ ಹಿರಿಯರ ಸಭೆಯಾದ ಸೆನೆಟ್ ಶಾಂತಿದೇವತೆಗೆ ಕಟ್ಟಿಸಿದ ಬಲಿಪೀಠ ಇಂದಿಗೂ ನೋಡಲು ಸಿಗುತ್ತದೆ.

ಆದರೆ ಕೈಯಲ್ಲಿನ ವಸ್ತುವನ್ನು ಗುರುತಿಸಿದ ಮಾತ್ರಕ್ಕೆ ನಾಣ್ಯವನ್ನು ಓದಿದಂತಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಚಿತ್ರಪುಸ್ತಕಗಳು ಅಲ್ಲಿಗೇ ನಿಂತುಬಿಡುತ್ತವೆ. ಯಾರು ಈ ನಾಣ್ಯವನ್ನು ಹೊಡೆಯಿಸಿದರು, ಯಾವ ವರ್ಷದಲ್ಲಿ, ಯಾರ ಕೈಗೆ ಕೊಡುವುದಕ್ಕಾಗಿ ಎಂಬ ಮೂರನ್ನೂ ಕೇಳಬೇಕು. ಚಕ್ರವರ್ತಿ ನೆರ್ವಾ ಕ್ರಿ.ಶ. 96ರಿಂದ 98ರವರೆಗೆ ಆಳಿದವನು. ಅವನ ಬೆಳ್ಳಿ ನಾಣ್ಯಗಳಲ್ಲಿ ಒಂದರ ಮೇಲೆ ಪರಸ್ಪರ ಹಿಡಿದುಕೊಂಡ ಎರಡು ಬಲಗೈಗಳಿವೆ, ಸುತ್ತಲೂ ‘ಸೇನೆಗಳ ಒಮ್ಮತ’ ಎಂಬ ಅರ್ಥದ ಲ್ಯಾಟಿನ್ ಬರಹವಿದೆ. ಚಿತ್ರವನ್ನಷ್ಟೇ ನೋಡಿದವರಿಗೆ ಆ ಕಾಲದಲ್ಲಿ ಸೇನೆಯೂ ಅರಸನೂ ಒಂದಾಗಿದ್ದರೆಂದು ತೋರುತ್ತದೆ. ವಾಸ್ತವದಲ್ಲಿ 97ರಲ್ಲಿ ಅವನ ಅಂಗರಕ್ಷಕ ಪಡೆಯೇ ದಂಗೆಯೆದ್ದು ಅರಮನೆಯಲ್ಲಿ ಅವನನ್ನು ಮಣಿಸಿತು. ಗಡಿಯ ಸೇನೆಗಳ ನಂಬಿಕೆಯನ್ನು ಉಳಿಸಿಕೊಳ್ಳಲು ಅವನು ದಂಡನಾಯಕ ಟ್ರಾಜನ್‌ನನ್ನು ದತ್ತು ತೆಗೆದುಕೊಳ್ಳಬೇಕಾಯಿತು. ಅಂದರೆ ಇಲ್ಲದಿದ್ದ ಒಮ್ಮತವನ್ನು ಬೇಡಿ, ಅದನ್ನು ಕೊಡಬೇಕಾದ ಸೈನಿಕರ ಕೈಗೇ ಸಂಬಳದ ರೂಪದಲ್ಲಿ ಕಳಿಸಿದ ಕೋರಿಕೆ ಅದು. ರೋಮನ್ ನಾಣ್ಯದ ಗುಣದೇವತೆಗಳನ್ನು ನೋಡುವಾಗ ಈ ಸಾಧ್ಯತೆಯನ್ನು ಯಾವಾಗಲೂ ನೆನಪಿನಲ್ಲಿಟ್ಟುಕೊಳ್ಳಿರಿ.

ಮೊದಮೊದಲು ಚಿತ್ರಗಳು ಇಷ್ಟು ಬಗೆಬಗೆಯಾಗಿರಲಿಲ್ಲ. ಉತ್ತರ ಆಫ್ರಿಕದ ಕಾರ್ಥೇಜ್ ನಗರದ ದಂಡನಾಯಕ ಹ್ಯಾನಿಬಲ್‌ನೊಡನೆ ಯುದ್ಧ ನಡೆಯುತ್ತಿದ್ದಾಗ, ಕ್ರಿ.ಪೂ. 211ರ ಸುಮಾರಿಗೆ ಡಿನೇರಿಯಸ್ ಹುಟ್ಟಿಕೊಂಡಿತು. ಮುಂಬದಿಯಲ್ಲಿ ಶಿರಸ್ತ್ರಾಣ ಧರಿಸಿದ ರೋಮಾದೇವಿಯ ತಲೆ, ಅದರ ಹಿಂದೆ ಹತ್ತು ಕಂಚಿನ ನಾಣ್ಯಗಳ ಬೆಲೆಯನ್ನು ಸೂಚಿಸುವ ಅಂಕಿ. ಹಿಂಬದಿಯಲ್ಲಿ ನಾಗಾಲೋಟದಲ್ಲಿರುವ ಇಬ್ಬರು ಕುದುರೆ ಸವಾರರು, ಅವರ ಟೋಪಿಗಳ ಮೇಲೆ ಒಂದೊಂದು ನಕ್ಷತ್ರ. ಇವರು ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವತೆಗಳು. ಕಷ್ಟದ ಕಾಳಗವೊಂದರಲ್ಲಿ ರೋಮನ್ನರ ಪಕ್ಷದಲ್ಲಿ ನಿಂತು ಹೋರಾಡಿದರೆಂದು ನಂಬಿಕೆ. ನಮ್ಮ ಅಶ್ವಿನೀದೇವತೆಗಳು ತಟ್ಟನೆ ನೆನಪಾಗುವುದು ಸಹಜ, ವಿದ್ವಾಂಸರೂ ಈ ಎರಡು ಜೋಡಿಗಳನ್ನು ಹೋಲಿಸಿ ನೋಡಿದ್ದಾರೆ. ಶತ್ರು ಇಟಲಿಯ ನೆಲದಲ್ಲಿಯೇ ಬೀಡುಬಿಟ್ಟಿದ್ದ ಆ ವರ್ಷಗಳಲ್ಲಿ, ದೇವತೆಗಳೇ ಕುದುರೆಯೇರಿ ನೆರವಿಗೆ ಬರುವ ಚಿತ್ರವು ಸೈನಿಕನಿಗೆ ಏನು ಹೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಪ್ರಶ್ನೆ: ಜೂಲಿಯಸ್ ಸೀಸರನ ಒಂದು ಬೆಳ್ಳಿ ನಾಣ್ಯದ ಮೇಲೆ ಆನೆಯ ಚಿತ್ರವಿದೆ. ಆನೆ ಇರುವುದರಿಂದ ಅದಕ್ಕೆ ಭಾರತದ ಸಂಬಂಧವಿದೆಯೆಂದು ತಿಳಿಯಬಹುದೇ?
— ನಿವೃತ್ತ ಶಿಕ್ಷಕರು, ಅಥಣಿ

ಉತ್ತರ: ಹಾಗೆ ತಿಳಿಯಲು ಆಧಾರವಿಲ್ಲ. ಆನೆ ರೋಮನ್ನರಿಗೆ ಪರಿಚಯವಾದದ್ದು ಯುದ್ಧರಂಗದಲ್ಲಿ, ಮೊದಲು ಗ್ರೀಕ್ ಅರಸ ಪಿರ್ರಸ್‌ನ ಸೇನೆಯಲ್ಲಿ, ಅನಂತರ ಕಾರ್ಥೇಜಿನವರ ಸೇನೆಯಲ್ಲಿ. ಕ್ರಿ.ಪೂ. 250ರಲ್ಲಿ ಸಿಸಿಲಿ ದ್ವೀಪದ ಪನಾರ್ಮಸ್ ಎಂಬಲ್ಲಿ ಮೆಟೆಲ್ಲಸ್ ಎಂಬ ದಂಡನಾಯಕನು ಕಾರ್ಥೇಜಿನ ಆನೆಗಳನ್ನು ಸೆರೆಹಿಡಿದನು. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅದೇ ಮನೆತನದ ಯುವಕನೊಬ್ಬನು ಟಂಕಸಾಲೆಯ ಅಧಿಕಾರಿಯಾದಾಗ, ಜುಪಿಟರ್ ದೇವನು ಆನೆಗಳನ್ನು ಹೂಡಿದ ರಥದಲ್ಲಿ ಹೋಗುತ್ತಿರುವ ಚಿತ್ರವನ್ನು ನಾಣ್ಯಕ್ಕೆ ಹಾಕಿಸಿದನು. ಗಣರಾಜ್ಯದ ಕಾಲದಲ್ಲಿ, ಅಂದರೆ ಚಕ್ರವರ್ತಿಗಳು ಬರುವ ಮೊದಲು, ಟಂಕಸಾಲೆಯ ಹೊಣೆ ಸಾಮಾನ್ಯವಾಗಿ ಮೂವರು ಕಿರಿಯ ಅಧಿಕಾರಿಗಳದಾಗಿತ್ತು. ಮುಂದೆ ದೊಡ್ಡ ಪದವಿಗಳ ಚುನಾವಣೆಗೆ ನಿಲ್ಲಬೇಕಾದ ಅವರು ತಮ್ಮ ಪೂರ್ವಿಕರ ಸಾಹಸಗಳನ್ನು ಬೆಳ್ಳಿಯ ಮೇಲೆ ಮೂಡಿಸಿ ಜನರಿಗೆ ನೆನಪಿಸುತ್ತಿದ್ದರು. ಮೆಟೆಲ್ಲಸ್ ಮನೆತನದ ನಾಣ್ಯದಲ್ಲಿ ಆನೆಯೆಂದರೆ ಪೂರ್ವಿಕನ ಗೆಲುವು.

ಸೀಸರನ ಆನೆಯ ಮಾತು ಬೇರೆ. ಅವನು ಕ್ರಿ.ಪೂ. 49ರ ಜನವರಿಯಲ್ಲಿ ಸೇನೆಯೊಡನೆ ರುಬಿಕಾನ್ ಹೊಳೆಯನ್ನು ದಾಟಿ ಅಂತರ್ಯುದ್ಧಕ್ಕೆ ಇಳಿದನು. ರೋಮಿನಲ್ಲಿ ಶನಿದೇವನ ಗುಡಿಯಲ್ಲಿದ್ದ ಸರಕಾರಿ ಬೊಕ್ಕಸ ಅವನ ಕೈಸೇರಿತು. ಆ ಕಾಲದಲ್ಲಿ ಸೈನಿಕರ ಸಂಬಳಕ್ಕಾಗಿ ಅಪಾರ ಸಂಖ್ಯೆಯಲ್ಲಿ ಹೊಡೆಯಿಸಿದ ಈ ನಾಣ್ಯದಲ್ಲಿ ಆನೆಯು ಮುಂದೆ ಹೆಡೆಯೆತ್ತಿದ ಏನನ್ನೋ ತುಳಿಯುತ್ತಿದೆ. ಅದನ್ನು ಕೆಲವರು ಸರ್ಪವೆಂದೂ ಕೆಲವರು ಇಂದಿನ ಫ್ರಾನ್ಸಿನ ಪ್ರದೇಶದಲ್ಲಿದ್ದ ಗಾಲ್ ಜನರ ಯುದ್ಧದ ಕಹಳೆಯೆಂದೂ ಓದುತ್ತಾರೆ. ಕೆಳಗೆ ಸೀಸರನ ಹೆಸರು ಮಾತ್ರವಿದೆ, ಪದವಿಯಿಲ್ಲ, ಮುಖವೂ ಇಲ್ಲ. ಇನ್ನೊಂದು ಬದಿಯಲ್ಲಿ ಪೂಜಾ ಸಾಮಗ್ರಿಗಳಿವೆ: ಬಲಿಯ ಕೊಡಲಿ, ತರ್ಪಣದ ಸೌಟು, ತೀರ್ಥ ಚಿಮುಕಿಸುವ ಸಾಧನ, ಪುರೋಹಿತನ ಟೋಪಿ. ಅವನು ಕ್ರಿ.ಪೂ. 63ರಿಂದ ರೋಮಿನ ಪ್ರಧಾನ ಪುರೋಹಿತನಾಗಿದ್ದನು. ಸೆನೆಟ್ ತನ್ನನ್ನು ದೇಶದ ವೈರಿಯಂತೆ ಕಾಣುತ್ತಿದ್ದ ಗಳಿಗೆಯಲ್ಲಿ, ದೇವರ ಕಾರ್ಯದಲ್ಲಿ ಎಲ್ಲರಿಗಿಂತ ಮೇಲಿನ ಸ್ಥಾನ ತನ್ನದೇ ಎಂದು ಅವನು ನೆನಪಿಸುತ್ತಿದ್ದಾನೆ. ನನ್ನ ಅಭಿಪ್ರಾಯದಲ್ಲಿ ಆ ನಾಣ್ಯದ ಭಾರವೆಲ್ಲ ಆನೆಯ ಬದಿಗಿಂತ ಈ ಬದಿಯಲ್ಲಿದೆ. ಆದರೂ ಚಿತ್ರ ಮುದ್ರಿಸುವವರು ಆನೆಯೊಂದನ್ನೇ ತೋರಿಸುತ್ತಾರೆ.

ಇದರ ಮುಂದಿನ ಕಥೆಯೂ ನಾಣ್ಯಗಳಲ್ಲಿಯೇ ಇದೆ. ರೋಮ್ ನಗರದ ಟಂಕಸಾಲೆಯಲ್ಲಿ ಅದುವರೆಗೆ ದೇವತೆಗಳ ಮತ್ತು ಗತಿಸಿದ ಹಿರಿಯರ ಮುಖಗಳಿಗೆ ಮಾತ್ರ ಸ್ಥಾನವಿತ್ತು. ಕ್ರಿ.ಪೂ. 44ರ ಆರಂಭದಲ್ಲಿ ಸೀಸರನು ಬದುಕಿದ್ದಾಗಲೇ ಅವನ ಮುಖ ಬೆಳ್ಳಿಯ ಮೇಲೆ ಬಂದಿತು, ಜೊತೆಗೆ ‘ಆಜೀವ ಸರ್ವಾಧಿಕಾರಿ’ ಎಂಬ ಬಿರುದೂ ಬಂದಿತು. ಆ ವರ್ಷದ ಮಾರ್ಚ್ 15ರಂದು ಅವನ ಕೊಲೆಯಾಯಿತು. ಕೊಲೆಗಾರರಲ್ಲಿ ಮುಖ್ಯನಾದ ಬ್ರೂಟಸ್ ಮುಂದೆ ತನ್ನ ಸೇನೆಗಾಗಿ ಹೊಡೆಯಿಸಿದ ಡಿನೇರಿಯಸ್‌ನಲ್ಲಿ ಎರಡು ಕಠಾರಿಗಳಿವೆ, ಅವುಗಳ ನಡುವೆ ಒಂದು ಟೋಪಿ ಇದೆ, ಕೆಳಗೆ ಮಾರ್ಚ್ 15ನ್ನು ಸೂಚಿಸುವ ಸಂಕ್ಷಿಪ್ತ ಬರಹವಿದೆ. ಬಿಡುಗಡೆಯಾದ ಗುಲಾಮನಿಗೆ ತೊಡಿಸುತ್ತಿದ್ದ ಟೋಪಿ ಅದು. ರೋಮನ್ನರನ್ನು ದಾಸ್ಯದಿಂದ ಬಿಡಿಸಿದೆವು ಎಂಬುದು ಅದರ ಮಾತು. ಇತಿಹಾಸಕಾರ ಕ್ಯಾಸಿಯಸ್ ಡಿಯೋ ಈ ನಾಣ್ಯವನ್ನು ಹೆಸರಿಸಿ ವಿವರಿಸಿದ್ದಾನೆ, ಪ್ರಾಚೀನ ಬರಹಗಾರರಿಂದ ಇಂತಹ ಉಲ್ಲೇಖ ಸಿಗುವುದು ಅಪರೂಪ. ಅದೇ ನಾಣ್ಯದ ಮುಂಬದಿಯಲ್ಲಿ ಬದುಕಿರುವ ಬ್ರೂಟಸ್‌ನ ಮುಖವಿದೆ. ಸೀಸರನು ಮುರಿದ ಕಟ್ಟಳೆಯನ್ನು ಅವನ ವೈರಿಯೂ ಎರಡೇ ವರ್ಷಗಳಲ್ಲಿ ಮುರಿದನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಕಾಗಿಲ್ಲ.

ಪ್ರಾಣಿಗಳ ವಿಷಯ ಕೇಳಿದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಕ್ರಿ.ಪೂ. 91ರಲ್ಲಿ ಇಟಲಿಯ ಮಿತ್ರಜನಾಂಗಗಳು ರೋಮಿನ ವಿರುದ್ಧ ಬಂಡೆದ್ದು ತಮ್ಮದೇ ಡಿನೇರಿಯಸ್‌ಗಳನ್ನು ಹೊಡೆದವು. ಅವುಗಳಲ್ಲೊಂದರ ಮೇಲೆ ಹೋರಿಯು ತೋಳವನ್ನು ಕೊಂಬಿನಿಂದ ತಿವಿದು ತುಳಿಯುತ್ತಿದೆ. ತೋಳ ರೋಮಿನ ಲಾಂಛನ, ಹೋರಿ ಇಟಲಿಯದು. ತೂಕವೂ ಆಕಾರವೂ ರೋಮಿನದೇ ಆಗಿದ್ದರೂ ಬರಹ ಮಾತ್ರ ದಕ್ಷಿಣ ಇಟಲಿಯ ಜನರ ಓಸ್ಕನ್ ಲಿಪಿಯಲ್ಲಿದೆ.

ಪ್ರಶ್ನೆ: ಡಿನೇರಿಯಸ್‌ನಲ್ಲಿ ಶುದ್ಧ ಬೆಳ್ಳಿ ಎಷ್ಟಿರುತ್ತಿತ್ತು?
— ಚಿನ್ನ ಬೆಳ್ಳಿ ಕೆಲಸಗಾರರು, ಇಳಕಲ್ಲು

ಉತ್ತರ: ಆರಂಭದಲ್ಲಿ ಸುಮಾರು 4.5 ಗ್ರಾಂ ತೂಗುತ್ತಿದ್ದ ಈ ನಾಣ್ಯ ಬೇಗನೆ 3.9 ಗ್ರಾಂಗೆ ಇಳಿದು ಬಹುಕಾಲ ಅಲ್ಲಿಯೇ ನಿಂತಿತು. ಅಗಸ್ಟಸ್‌ನ ಕಾಲದ ನಾಣ್ಯ ಬಹುಮಟ್ಟಿಗೆ ಶುದ್ಧ ಬೆಳ್ಳಿ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ತೂಕವನ್ನು ಸುಮಾರು 3.4 ಗ್ರಾಂಗೆ ಇಳಿಸಿ ಬೆರಕೆಯನ್ನೂ ಹೆಚ್ಚಿಸಿದನು. ಮೂರನೆಯ ಶತಮಾನದ ಹೊಸ್ತಿಲಲ್ಲಿ, ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಾಲಕ್ಕೆ, ಬೆಳ್ಳಿ ಅರ್ಧದಷ್ಟಕ್ಕೆ ಬಂದಿತ್ತು. ಇದಕ್ಕಿಂತ ಮೊದಲೇ, ಕ್ರಿ.ಪೂ. 32-31ರಲ್ಲಿ, ರೋಮನ್ ದಂಡನಾಯಕ ಮಾರ್ಕ್ ಆಂಟನಿ ತನ್ನ ದಂಡುಗಳಿಗಾಗಿ ಒಂದು ಬದಿಯಲ್ಲಿ ಯುದ್ಧನೌಕೆ, ಇನ್ನೊಂದರಲ್ಲಿ ಎರಡು ಧ್ವಜಸ್ತಂಭಗಳ ನಡುವೆ ದಂಡಿನ ಹದ್ದು ಇರುವ ಕಳಪೆ ಬೆಳ್ಳಿಯ ನಾಣ್ಯಗಳನ್ನು ಹೊಡೆಯಿಸಿದ್ದನು. ಒಳ್ಳೆಯ ನಾಣ್ಯಗಳನ್ನು ಜನ ಕೂಡಿಟ್ಟರು, ಕರಗಿಸಿದರು. ಆಂಟನಿಯವು ಕರಗಿಸಲು ಲಾಭವಿಲ್ಲದ್ದರಿಂದ ಇನ್ನೂರು ವರ್ಷಗಳವರೆಗೂ ಕೈಯಿಂದ ಕೈಗೆ ಸವೆಯುತ್ತ ಓಡಾಡಿದವು.

ಪ್ರಶ್ನೆ: ಇಂತಹ ನಾಣ್ಯಗಳು ಕರ್ನಾಟಕಕ್ಕೆ ಬಂದಿದ್ದವೇ? ಬಂದಿದ್ದರೆ, ನಮ್ಮ ಪೂರ್ವಿಕರು ಅವುಗಳ ಮೇಲಿನ ಚಿತ್ರಗಳನ್ನು ಹೇಗೆ ಅರ್ಥಮಾಡಿಕೊಂಡಿರಬಹುದು?
— ಓದುಗರು, ಖಾನಾಪುರ

ಉತ್ತರ: ಧಾರಾಳವಾಗಿ ಬಂದಿದ್ದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲು ಮಾರ್ಗದ ಕೆಲಸದ ವೇಳೆ 163 ಡಿನೇರಿಯಸ್‌ಗಳ ನಿಧಿ ಸಿಕ್ಕಿತು. 1965ರಲ್ಲಿ ಅಲ್ಲಿಯ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ನಾಣ್ಯಗಳ ಮತ್ತೊಂದು ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ಕಾಲದ ಪದರಗಳಲ್ಲಿ ರೋಮನ್ ಬೆಳ್ಳಿ ದೊರೆತಿದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿ ತಡವಾದ ಕಾಲದ್ದು, ಬಂಗಾರದ್ದು. ಬೆಳಗಾವಿಗೆ ಸಮೀಪದ ಸಾಕ್ಷ್ಯವೆಂದರೆ ಕೊಲ್ಹಾಪುರದ ಬ್ರಹ್ಮಪುರಿ: ಅಲ್ಲಿ ಸಮುದ್ರದೇವ ಪೊಸೈಡನ್‌ನ ಕಂಚಿನ ಪುಟ್ಟ ವಿಗ್ರಹವೂ ರೋಮನ್ ಲೋಹದ ಪಾತ್ರೆಗಳೂ ಸಿಕ್ಕವು. ಅದೇ ಶತಮಾನಗಳಲ್ಲಿ ಬೆಳಗಾವಿಯ ಅಂಚಿನ ವಡಗಾಂವ-ಮಾಧವಪುರದಲ್ಲಿ ಶಾತವಾಹನರ ಕಾಲದ ಪಟ್ಟಣವೊಂದಿತ್ತೆಂಬುದನ್ನು ಉತ್ಖನನಗಳು ತೋರಿಸಿವೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿಯ ಗ್ರಂಥದಲ್ಲಿ ಬರುವ ‘ಬಡಿಯಮೈಯೋಯ್’ ಎಂಬ ಊರನ್ನು ವಿದ್ವಾಂಸರು ಬಾದಾಮಿಯೆಂದು ಗುರುತಿಸುತ್ತಾರೆ.

ದಕ್ಷಿಣ ಭಾರತದ ನಿಧಿಗಳಲ್ಲಿ ಎರಡು ಬಗೆಯ ಡಿನೇರಿಯಸ್‌ಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಅಗಸ್ಟಸ್‌ನದು: ಹಿಂಬದಿಯಲ್ಲಿ ಅವನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ ಈಟಿಗಳೊಡನೆ ನಿಂತಿದ್ದಾರೆ, ಮೇಲೆ ಪೂಜೆಯ ಸೌಟೂ ಶಕುನ ನೋಡುವ ಪುರೋಹಿತನ ಡೊಂಕು ಕೋಲೂ ಇವೆ. ತನ್ನ ನಂತರ ಸಿಂಹಾಸನ ಯಾರದೆಂದು ಸಾಮ್ರಾಜ್ಯಕ್ಕೆ ಸಾರುವುದಕ್ಕಾಗಿ ಮಾಡಿದ ನಾಣ್ಯವದು. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಸತ್ತ ಯುವರಾಜರ ಚಿತ್ರ ಹೊತ್ತ ಬೆಳ್ಳಿ ಹಡಗುಗಳಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ಬರುತ್ತಲೇ ಇತ್ತು. ಎರಡನೆಯದು ಅಗಸ್ಟಸ್‌ನ ನಂತರ ಚಕ್ರವರ್ತಿಯಾದ ಟೈಬೀರಿಯಸ್‌ನದು, ಅದರಲ್ಲಿ ಆಸನದ ಮೇಲೆ ಕುಳಿತ ಸ್ತ್ರೀಯ ಕೈಯಲ್ಲಿ ರೆಂಬೆಯೂ ರಾಜದಂಡವೂ ಇವೆ. ಹಲವರು ಇವಳನ್ನು ಚಕ್ರವರ್ತಿಯ ತಾಯಿ ಲಿವಿಯಾ ಎಂದು ಹೇಳುತ್ತಾರೆ. ಬೈಬಲ್ಲಿನಲ್ಲಿ ಯೇಸುವಿಗೆ ತೋರಿಸಿದ ತೆರಿಗೆಯ ನಾಣ್ಯ ಇದೇ ಇರಬೇಕೆಂಬ ನಂಬಿಕೆಯೂ ಬಹುಕಾಲದಿಂದ ಇದೆ.

ಈ ಎರಡೇ ಬಗೆಗಳು ಇಷ್ಟು ಹೆಚ್ಚಾಗಿ ಏಕೆ ಬಂದವು? ನೀರೋನ ನಂತರದ ಬೆರಕೆ ಬೆಳ್ಳಿಯನ್ನು ನಮ್ಮ ವರ್ತಕರು ಒಪ್ಪಲಿಲ್ಲವೆಂಬ ವಿವರಣೆ ನನಗೆ ಹೆಚ್ಚು ಸರಿಯೆನಿಸುತ್ತದೆ. ರೋಮನ್ ಲೇಖಕ ಪ್ಲಿನಿ ಹೇಳುವ ಒಂದು ಪ್ರಸಂಗವೂ ಇದಕ್ಕೆ ಹೊಂದುತ್ತದೆ: ಸಿಂಹಳದ ಅರಸನು ರೋಮಿನಿಂದ ಬಂದವನ ಬಳಿಯಿದ್ದ ಡಿನೇರಿಯಸ್‌ಗಳನ್ನು ನೋಡಿ, ಬೇರೆ ಬೇರೆ ಮುಖಗಳಿದ್ದರೂ ಎಲ್ಲದರ ತೂಕವೂ ಒಂದೇ ಆಗಿರುವುದನ್ನು ಕಂಡು ರೋಮನ್ನರ ಪ್ರಾಮಾಣಿಕತೆಯನ್ನು ಮೆಚ್ಚಿದನಂತೆ. ಅರಸನ ಕಣ್ಣು ಹೋದದ್ದು ತೂಕದ ಕಡೆಗೆ. ಮುಖಗಳು ಹಲವರವು ಎಂಬುದಷ್ಟೇ ಅವನು ಗಮನಿಸಿದ ಚಿತ್ರವಿಷಯ. ಅದೇ ಪ್ಲಿನಿ, ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಎಂಬ ಚಿಕ್ಕ ನಾಣ್ಯಗಳನ್ನು, ಅಂದರೆ ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್‌ನ ಲೆಕ್ಕದಲ್ಲಿ ಒಂದೂಕಾಲು ಕೋಟಿ ಡಿನೇರಿಯಸ್ ಬೆಲೆಯ ಸಂಪತ್ತನ್ನು ಸೆಳೆದುಕೊಳ್ಳುತ್ತಿದೆಯೆಂದು ಕೊರಗುತ್ತಾನೆ. ಅಗಸ್ಟಸ್‌ನ ಕಾಲದಲ್ಲಿ ಒಬ್ಬ ಸಾಮಾನ್ಯ ಸೈನಿಕನ ವಾರ್ಷಿಕ ಸಂಬಳ 225 ಡಿನೇರಿಯಸ್ ಆಗಿತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅವನ ಕೊರಗಿನ ಗಾತ್ರ ತಿಳಿಯುತ್ತದೆ.

ಹಾಗಾದರೆ ಇಲ್ಲಿಯವರಿಗೆ ಆ ಚಿತ್ರಗಳು ಏನೂ ಅಲ್ಲದೆ ಹೋದವೇ? ಹಾಗೆ ಹೇಳುವಂತಿಲ್ಲ. ದಕ್ಷಿಣದಲ್ಲಿ ಸಿಕ್ಕ ಹಲವು ರೋಮನ್ ನಾಣ್ಯಗಳ ಮೇಲೆ, ವಿಶೇಷವಾಗಿ ಬಂಗಾರದವುಗಳ ಮೇಲೆ, ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಹೊಡೆದ ಗೆರೆಯಿದೆ. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಸಿಕ್ಕ 501 ಬಂಗಾರದ ನಾಣ್ಯಗಳಲ್ಲಿ ಹೆಚ್ಚಿನವು ಹೀಗೆ ಗಾಯಗೊಂಡಿವೆ. ಪರದೇಶದ ಅರಸನ ಅಧಿಕಾರ ಇಲ್ಲಿ ನಡೆಯದೆಂದು ಸಾರಲು ಹಾಗೆ ಮಾಡಿದರೆಂದು ಕೆಲವರು, ಲೋಹವನ್ನು ಪರೀಕ್ಷಿಸಲು ಎಂದು ಕೆಲವರು ಹೇಳುತ್ತಾರೆ. ಪರೀಕ್ಷೆಯೊಂದೇ ಉದ್ದೇಶವಾಗಿದ್ದರೆ ಗೆರೆ ಎಲ್ಲಿ ಬೇಕಾದರೂ ಬೀಳಬಹುದಿತ್ತು. ಇನ್ನೊಂದು ಕಡೆ, ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರ, ನಮ್ಮ ಚಂದ್ರವಳ್ಳಿಗಳಂತಹ ನೆಲೆಗಳಲ್ಲಿ ರೋಮನ್ ನಾಣ್ಯವನ್ನು ಅನುಕರಿಸಿದ ಸುಟ್ಟಮಣ್ಣಿನ ಬಿಲ್ಲೆಗಳು ಸಿಕ್ಕಿವೆ. ಕೆಲವಕ್ಕೆ ದಾರ ಪೋಣಿಸುವ ಕೊಂಡಿಯಿದೆ. ಕೊರಳಿಗೆ ಕಟ್ಟಿಕೊಂಡವರಿಗೆ ಟೈಬೀರಿಯಸ್ ಯಾರೆಂದು ತಿಳಿದಿರಬೇಕಾಗಿಲ್ಲ, ಆದರೆ ಆ ಮುಖ ಅವರಿಗೆ ಬೇಕೆನಿಸಿತ್ತು. ಶಾತವಾಹನ ಅರಸರ ಬೆಳ್ಳಿ ನಾಣ್ಯಗಳ ಮೇಲೂ ಅರಸನ ಮುಖವಿದೆ. ಅದರ ನೇರ ಮಾದರಿ ಪಶ್ಚಿಮ ಭಾರತವನ್ನು ಆಳಿದ ಶಕ ಅರಸರಾದ ಪಶ್ಚಿಮ ಕ್ಷತ್ರಪರ ನಾಣ್ಯಗಳಾದ್ದರಿಂದ ರೋಮಿನ ಪ್ರಭಾವವೆಂದು ಆತುರದಿಂದ ಹೇಳಬಾರದು. ಅವುಗಳ ಹಿಂಬದಿಯಲ್ಲಿ ಕಮಾನುಗಳ ಬೆಟ್ಟ, ಚಂದ್ರ, ನಾಲ್ಕು ತುದಿಗಳಲ್ಲಿ ವೃತ್ತಗಳಿರುವ ಶಿಲುಬೆಯಂತಹ ‘ಉಜ್ಜಯಿನಿ’ ಚಿಹ್ನೆಗಳಿವೆ, ಬರಹ ಪ್ರಾಕೃತದಲ್ಲಿಯೂ ದ್ರಾವಿಡ ನುಡಿಯೊಂದರಲ್ಲಿಯೂ ಇದೆ.

ಸಮುದ್ರ ವ್ಯಾಪಾರದ ಬೆಳ್ಳಿಯನ್ನು ಚಿತ್ರಕ್ಕಿಂತ ತೂಕದಿಂದ ಅಳೆಯುವ ರೂಢಿ ನಮ್ಮ ಭಾಗದಲ್ಲಿ ಬಹಳ ಕಾಲ ಉಳಿಯಿತು. ಹದಿನೇಳನೆಯ ಶತಮಾನದಲ್ಲಿ ವಿಜಯಪುರದ ಎರಡನೆಯ ಅಲಿ ಆದಿಲ್‌ಶಾಹನು ಪರ್ಷಿಯಾ ಕೊಲ್ಲಿಯ ವರ್ತಕರಿಗೆ ಪರಿಚಿತವಾಗಿದ್ದ ‘ಲಾರಿ’ ಎಂಬ ನಾಣ್ಯವನ್ನು ತನ್ನ ಹೆಸರಿನಲ್ಲಿ ಹೊಡೆಯಿಸಿದನು. ಅದು ಮಡಿಚಿದ ಬೆಳ್ಳಿಯ ತಂತಿ, ಚಿತ್ರಕ್ಕೆ ಅದರಲ್ಲಿ ಜಾಗವೇ ಇಲ್ಲ.

ಪ್ರಶ್ನೆ: ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ಸಣ್ಣ ಬೆಳ್ಳಿ ನಾಣ್ಯವಿದೆ. ಕಿರೀಟವಿಲ್ಲದ ಗಂಡಸಿನ ತಲೆ, ಸುತ್ತ ಇಂಗ್ಲಿಷಿನಂತಹ ದೊಡ್ಡ ಅಕ್ಷರಗಳು, ನಾಲ್ಕು ನೆಟ್ಟಗೆರೆಗಳ ರೋಮನ್ ಅಂಕಿ ಇವೆ. ಹಿಂಬದಿಯಲ್ಲಿ ಎಲೆಗಳ ಹಾರವಿದೆ. ಇದು ರೋಮನ್ ನಾಣ್ಯವೇ? ಹೊಲದಲ್ಲಿ ಇಂತಹವು ಸಿಕ್ಕರೆ ಏನು ಮಾಡಬೇಕು?
— ಕೃಷಿಕರು, ಜಮಖಂಡಿ

ಉತ್ತರ: ನೀವು ಕೊಟ್ಟ ವಿವರಗಳೆಲ್ಲವೂ ಈಸ್ಟ್ ಇಂಡಿಯಾ ಕಂಪನಿಯ 1835ರ ನಾಣ್ಯಕ್ಕೆ ಹೊಂದುತ್ತವೆ. ಇಂಗ್ಲೆಂಡಿನ ನಾಲ್ಕನೆಯ ವಿಲಿಯಂ ರಾಜನ ತಲೆ ಅದರಲ್ಲಿ ಬರಿದಾಗಿಯೇ ಇದೆ, ಹೆಸರಿನ ಮುಂದೆ ನಾಲ್ಕು ನೆಟ್ಟಗೆರೆಗಳಿವೆ. ಹಾರದ ಒಳಗೆ ಇಂಗ್ಲಿಷಿನ ಜೊತೆಗೆ ಪಾರಸಿ ಬರಹವೂ ಇದೆಯೇ ನೋಡಿರಿ. ಇದ್ದರೆ ಸಂದೇಹ ಬೇಡ. ಪೂರ್ಣ ರೂಪಾಯಿ 11.66 ಗ್ರಾಂ ತೂಗುತ್ತದೆ, ಕಾಲು ರೂಪಾಯಿ 2.92 ಗ್ರಾಂ. ಕಾಲು ರೂಪಾಯಿಯ ಗಾತ್ರ ಡಿನೇರಿಯಸ್‌ಗೆ ಸಮೀಪವಾದ್ದರಿಂದ ಈ ಸಂದೇಹ ಹಲವರಿಗೆ ಬರುವುದು ಸಹಜ. ಆದರೆ ಕಂಪನಿಯ ನಾಣ್ಯ ಯಂತ್ರದಲ್ಲಿ ಒತ್ತಿದ್ದು, ಅದರ ವೃತ್ತ ತಪ್ಪುವುದಿಲ್ಲ. ಡಿನೇರಿಯಸ್ ಅನ್ನು ಕೈಯಿಂದ ಹೊಡೆಯುತ್ತಿದ್ದರು: ಅಡಿಗಲ್ಲಿನಲ್ಲಿ ಒಂದು ಅಚ್ಚು, ಮೇಲಿನ ಮೊಳೆಯಲ್ಲಿ ಇನ್ನೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ, ಮೇಲೆ ಸುತ್ತಿಗೆಯ ಏಟು. ಕ್ರಿ.ಪೂ. 46ರ ಟೈಟಸ್ ಕ್ಯಾರಿಸಿಯಸ್ ಎಂಬ ಅಧಿಕಾರಿಯ ನಾಣ್ಯದ ಮೇಲೆ ಈ ಅಡಿಗಲ್ಲು, ಇಕ್ಕಳ, ಸುತ್ತಿಗೆಗಳನ್ನೇ ಚಿತ್ರಿಸಲಾಗಿದೆ. ಆದ್ದರಿಂದ ನಿಜವಾದ ಡಿನೇರಿಯಸ್‌ನ ಅಂಚು ಓರೆಕೋರೆಯಾಗಿರುತ್ತದೆ, ಚಿತ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ, ಬರಹದ ಕೆಲವು ಅಕ್ಷರಗಳು ಬಿಲ್ಲೆಯ ಆಚೆ ಉಳಿದುಹೋಗಿರುತ್ತವೆ. ಅಂಚಿನ ಸುತ್ತ ಬೆಸುಗೆಯಂತಹ ಗೆರೆ, ಮೈಮೇಲೆ ಗುಳ್ಳೆಗಳ ಗುರುತು ಇದ್ದರೆ ಅದು ಎರಕ ಹೊಯ್ದ ನಕಲು.

ಒಂದು ಕಳಕಳಿಯ ಮನವಿ. ಹಬ್ಬಕ್ಕೆ ಬೆಳ್ಳಿ ಸಾಮಾನು ತಿಕ್ಕುವಾಗ ಹಳೆಯ ನಾಣ್ಯಗಳನ್ನು ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್‌ಗಳಿಂದ ಉಜ್ಜಬೇಡಿರಿ. ಚಿತ್ರದ ಎತ್ತರ ಒಂದು ಕೂದಲೆಳೆಯಷ್ಟು. ಕೈಯಲ್ಲಿರುವುದು ರೆಂಬೆಯೋ ದಂಡವೋ ಎಂದು ತಿಳಿಸುವ ಗೆರೆಗಳು ಮೊದಲು ಅಳಿಯುತ್ತವೆ, ಒಮ್ಮೆ ಅಳಿದರೆ ಮರಳಿ ಬರುವುದಿಲ್ಲ.

ಹೊಲ ಉಳುವಾಗ ಅಥವಾ ಪಾಯ ತೋಡುವಾಗ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಅದನ್ನು ಸರಕಾರಕ್ಕೆ ತಿಳಿಸಬೇಕು. ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಬರೆದು ಕೊಡಬಹುದು. ನೂರು ವರ್ಷ ಮೀರಿದ ನಾಣ್ಯಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯಿಸುತ್ತದೆ, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಧಿಕಾರಿಗಳು ಬರುವವರೆಗೆ ಮಡಿಕೆಯ ಚೂರುಗಳನ್ನೂ ಎಸೆಯದೆ ಇಡಿರಿ. ಎಷ್ಟು ಆಳದಲ್ಲಿ, ಯಾವ ದಿಕ್ಕಿನ ಬದುವಿನ ಹತ್ತಿರ, ಯಾವ ವಸ್ತುಗಳ ಜೊತೆಗೆ ಸಿಕ್ಕಿತೆಂದು ಬರೆದಿಟ್ಟುಕೊಳ್ಳಿರಿ. ಸರಾಫರ ಅಂಗಡಿಗೆ ಒಂದೊಂದಾಗಿ ಹೋದ ಡಿನೇರಿಯಸ್‌ನಿಂದ ಅದು ಯಾರದೆಂಬುದಷ್ಟೇ ತಿಳಿಯುತ್ತದೆ. ಒಟ್ಟಿಗೆ ಉಳಿದ ನಿಧಿಯಿಂದ ಅದು ಯಾವಾಗ ಹೂಳಲ್ಪಟ್ಟಿತು, ಯಾವ ದಾರಿಯಿಂದ ಬಂದಿತು ಎಂಬುದೂ ತಿಳಿಯುತ್ತದೆ. ನಮಗೆ ಚಿತ್ರ ಕಳಿಸುವವರು ಎರಡೂ ಬದಿಗಳನ್ನು, ಅಂಚನ್ನು ಬೇರೆ ಬೇರೆಯಾಗಿ ತೆಗೆದು, ಸರಾಫರ ತಕ್ಕಡಿಯಲ್ಲಿ ನೋಡಿದ ತೂಕವನ್ನು ಗ್ರಾಂಗಳಲ್ಲಿ ಬರೆದು ಕಳಿಸಬೇಕು.